ಸಹಾಯ ಬೇಕು: ಚಳಿ ಪ್ರದೇಶದಲ್ಲಿ ಸಸಿಗಳನ್ನು ಹೊರಗೆ ನೆಡುವುದು ಯಾವಾಗ?

ಎಲ್ಲರಿಗೂ ನಮಸ್ಕಾರ. ಬೇಸಿಗೆ ಬಹಳ ಚಿಕ್ಕದಾಗಿರುವ ಚಳಿ ಪ್ರದೇಶದಲ್ಲಿ ಕೈತೋಟ ಮಾಡುತ್ತಿರುವ ನನಗೆ ಅನುಭವಸ್ಥರ ಸಲಹೆ ಬೇಕಾಗಿದೆ. ಹಿಮ ಬೀಳುವುದು ನಿಲ್ಲುವ ಸುಮಾರು 7 ವಾರ ಮೊದಲೇ ಟೊಮೆಟೊ, ಮೆಣಸಿನಕಾಯಿ ಮತ್ತು ಚೆಂಡುಹೂವಿನ ಬೀಜಗಳನ್ನು ಮನೆಯೊಳಗೆ ಕಿಟಕಿಯ ಬಳಿ ಬಿತ್ತಿದ್ದೆ. ಮೊಳಕೆಗಳು ಚೆನ್ನಾಗಿಯೇ ಬಂದವಾದರೂ ಬೆಳಕು ಸಾಲದೆ ಸಸಿಗಳು ಬಡಕಲಾಗಿ ಉದ್ದಕ್ಕೆ ಬೆಳೆದು ಗಾಜಿನ ಕಡೆಗೆ ವಾಲಿಕೊಂಡಿವೆ. ಟೊಮೆಟೊ ಕಾಂಡವನ್ನು ಆಳವಾಗಿ ಹೂತರೆ ಅಲ್ಲಿಂದಲೇ ಹೊಸ ಬೇರು ಬಿಡುತ್ತದೆಯಾದ್ದರಿಂದ ಅದರ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ, ಉಳಿದೆರಡರದ್ದೇ ಚಿಂತೆ. (ನೇರವಾಗಿ ಹೊರಗೇ ಬಿತ್ತಿದ ಬಟಾಣಿ ಮತ್ತು ಪಾಲಕ್ ಮಾತ್ರ ಚಳಿಗೆ ಜಗ್ಗದೆ ಹುಲುಸಾಗಿವೆ.)

ಹಗಲು 15 ಡಿಗ್ರಿ ಸೆಲ್ಸಿಯಸ್ ಇದ್ದರೂ ರಾತ್ರಿಯ ಉಷ್ಣಾಂಶ ಇನ್ನೂ 4–5 ಡಿಗ್ರಿಗೆ ಇಳಿಯುತ್ತಿದೆ. ಹಗಲಿನಲ್ಲಿ ಒಂದೆರಡು ಗಂಟೆ ಹೊರಗಿಟ್ಟು, ದಿನದಿಂದ ದಿನಕ್ಕೆ ಅವಧಿಯನ್ನು ಹೆಚ್ಚಿಸುತ್ತ ಸಸಿಗಳನ್ನು ಗಾಳಿ ಬಿಸಿಲಿಗೆ ಒಗ್ಗಿಸುವ ಕೆಲಸವನ್ನು ಈಗಲೇ ಆರಂಭಿಸಬಹುದೇ, ಅಥವಾ ರಾತ್ರಿಯ ಉಷ್ಣಾಂಶ 10 ಡಿಗ್ರಿ ದಾಟುವವರೆಗೆ ಕಾಯಲೇಬೇಕೇ? ಅಲ್ಲಿಯವರೆಗೆ ಎಲ್‌ಇಡಿ ದೀಪವನ್ನು ದಿನಕ್ಕೆ ಎಷ್ಟು ಗಂಟೆ, ಸಸಿಗಳಿಂದ ಎಷ್ಟು ಎತ್ತರದಲ್ಲಿ ಉರಿಸಬೇಕು ಎಂಬುದನ್ನು, ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.