ವಸಡಿನ ಶಸ್ತ್ರಚಿಕಿತ್ಸೆಯಲ್ಲಿ ಇಡುವ ಮೂಳೆಪುಡಿ ಮತ್ತು ಕೊಲಾಜೆನ್ ಪದರ: ಪ್ರಾಣಿಮೂಲವಲ್ಲದ ಬದಲಿ ಇದೆಯೇ?

ಪ್ರಶ್ನೆ (ಧಾರವಾಡದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ 58 ವರ್ಷ. ಕೆಳಗಿನ ಒಂದು ದವಡೆಹಲ್ಲಿನ ಪಕ್ಕದಲ್ಲಿ ವಸಡು ಬೇರಿನಿಂದ ಬಿಟ್ಟುಕೊಂಡಿದ್ದು, ಎಕ್ಸ್‌ರೇಯಲ್ಲಿ ಅಲ್ಲಿಯ ಮೂಳೆ ಗುಳಿಬಿದ್ದಿರುವುದು ಕಾಣುತ್ತದೆ. ಹಲ್ಲು ಮಾತ್ರ ಇನ್ನೂ ಅಲುಗಾಡುತ್ತಿಲ್ಲ. ವಸಡನ್ನು ಬಿಡಿಸಿ, ಗುಳಿಯನ್ನು ಸ್ವಚ್ಛಗೊಳಿಸಿ, ಅದರಲ್ಲಿ ಬೋನ್ ಗ್ರಾಫ್ಟ್ ಪುಡಿ (ಮೂಳೆ ಹೋದ ಜಾಗಕ್ಕೆ ತುಂಬುವ ಪುಡಿ) ತುಂಬಿ, ಮೇಲೆ ಕೊಲಾಜೆನ್ ಎಂಬ ನಾರುಪ್ರೋಟೀನಿನ ಪದರ ಹೊದಿಸಿ ಹೊಲಿಗೆ ಹಾಕಬೇಕೆಂದು ವೈದ್ಯರು ತಿಳಿಸಿದ್ದಾರೆ. ಇಂಥ ಪುಡಿ ದನದ ಮೂಳೆಯಿಂದಲೂ ಪದರ ಹಂದಿಯ ಅಂಗಾಂಶದಿಂದಲೂ ತಯಾರಾಗುವುದುಂಟೆಂದು ತಿಳಿದ ಮೇಲೆ, ಜೀವಮಾನವಿಡೀ ಸಸ್ಯಾಹಾರಿಯಾಗಿರುವ ತಾಯಿಯವರು ಚಿಕಿತ್ಸೆಯೇ ಬೇಡವೆನ್ನುತ್ತಿದ್ದಾರೆ. ಅವರ ಮನಸ್ಸಿಗೆ ನೋವಾಗದಂತೆ ಹಲ್ಲನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಈ ವಸ್ತುಗಳು ನಿಜವಾಗಿ ಮಾಡುವ ಕೆಲಸವೇನು? ಅವುಗಳಿಗೆ ಬದಲಿ ಏನಿದೆ?

ಉತ್ತರ 1 (ವಸಡು ತಜ್ಞೆ, ಮೈಸೂರು)

ತಮ್ಮ ತಾಯಿಯವರ ಸಂಕೋಚ ನ್ಯಾಯವಾದದ್ದು. ದೇಹದೊಳಗೆ ಇಡುವ ವಸ್ತುವಿನ ಮೂಲವನ್ನು ರೋಗಿ ಕೇಳುವ ಮೊದಲೇ ಹೇಳುವುದು ವೈದ್ಯರ ಹೊಣೆ ಎಂದು ನಾನು ನಂಬಿದ್ದೇನೆ.

ಮೊದಲು ಕೆಲಸದ ವಿಚಾರ. ಶಸ್ತ್ರಚಿಕಿತ್ಸೆಯ ನಂತರ ಸ್ವಚ್ಛಗೊಂಡ ಬೇರಿನ ಮೇಲ್ಮೈಯನ್ನು ಯಾವ ಜೀವಕೋಶಗಳು ಮೊದಲು ತಲುಪುತ್ತವೆಯೋ ಅವೇ ಮುಂದಿನ ಗುಣವಾಗುವಿಕೆಯ ಬಗೆಯನ್ನು ನಿರ್ಧರಿಸುತ್ತವೆ ಎಂಬ ವಿಚಾರವನ್ನು ಸಂಶೋಧಕ ಮೆಲ್ಚರ್ 1976ರಲ್ಲಿ ಮುಂದಿಟ್ಟರು. ವಸಡಿನ ಹೊರಪದರದ ಕೋಶಗಳು ಎಲ್ಲಕ್ಕಿಂತ ವೇಗವಾಗಿ ಬೆಳೆದು ಬೇರಿನುದ್ದಕ್ಕೂ ಕೆಳಗಿಳಿಯುತ್ತವೆ. ಹಾಗಾದಾಗ ಗಾಯ ಮುಚ್ಚಿಕೊಳ್ಳುತ್ತದೆಯೇ ಹೊರತು, ಬೇರನ್ನು ಮೂಳೆಗೆ ಕಟ್ಟಿಹಾಕುವ ನಾರುಗಳಾಗಲಿ ಬೇರಿನ ಮೇಲಿನ ಸಿಮೆಂಟಮ್ ಎಂಬ ಗಟ್ಟಿ ಪದರವಾಗಲಿ ಹೊಸದಾಗಿ ಹುಟ್ಟುವುದಿಲ್ಲ. ಆ ನಾರುಗಳನ್ನು ಹುಟ್ಟಿಸಬಲ್ಲ ಕೋಶಗಳು ಬೇರಿನ ಸುತ್ತಲಿನ ಆರೋಗ್ಯವಂತ ಭಾಗದಿಂದಲೇ ಬರಬೇಕು, ಮತ್ತು ಅವು ನಿಧಾನವಾಗಿ ಬರುತ್ತವೆ. ಸ್ವೀಡನ್ನಿನ ನೈಮನ್ ಮತ್ತು ಸಂಗಡಿಗರು 1982ರಲ್ಲಿ ಮನುಷ್ಯನ ಹಲ್ಲೊಂದರ ಬಳಿ ಸೂಕ್ಷ್ಮರಂಧ್ರಗಳ ಫಿಲ್ಟರ್ ಹಾಳೆಯನ್ನು ತಡೆಯಾಗಿ ಇಟ್ಟು, ಹೊರಪದರದ ಕೋಶಗಳನ್ನು ದೂರವಿಟ್ಟರೆ ಹೊಸ ಸಿಮೆಂಟಮ್ ಮತ್ತು ಅದರೊಳಗೆ ನಾಟಿಕೊಂಡ ನಾರುಗಳು ಬೆಳೆಯಬಲ್ಲವೆಂದು ತೋರಿಸಿದರು. ಇಂದಿನ ಕೊಲಾಜೆನ್ ಪದರ ಮಾಡುವುದೂ ಇದೇ ಕಾವಲಿನ ಕೆಲಸ. ಹಿಂದೆ ಬಳಸುತ್ತಿದ್ದ, ತಾನಾಗಿ ಕರಗದ ಪ್ಲಾಸ್ಟಿಕ್‌ನಂಥ ಇ-ಪಿಟಿಎಫ್‌ಇ ಹಾಳೆಯನ್ನು ತೆಗೆಯಲು ಎರಡನೆಯ ಸಲ ವಸಡು ಬಿಡಿಸಬೇಕಾಗುತ್ತಿತ್ತು. ಕೊಲಾಜೆನ್ ತಾನಾಗಿಯೇ ಕರಗುತ್ತದೆ.

ಪುಡಿಯ ಮುಖ್ಯ ಕೆಲಸ ಪದರ ಗುಳಿಯೊಳಗೆ ಕುಸಿಯದಂತೆ ಆನಿಸಿ ಹಿಡಿಯುವುದು ಮತ್ತು ರಕ್ತದ ಹೆಪ್ಪನ್ನು ಅಲ್ಲಿಯೇ ನಿಲ್ಲಿಸುವುದು. ಆದ್ದರಿಂದ ವಸ್ತುವಿಗಿಂತ ಮೊದಲು ಗುಳಿಯ ಆಕಾರವನ್ನು ಕೇಳಬೇಕು. ಮೂರು ಕಡೆಯೂ ಮೂಳೆಯ ಗೋಡೆ ಉಳಿದಿರುವ ಕಿರಿದಾದ, ಆಳವಾದ ಗುಳಿಯಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ. ಒಂದೇ ಗೋಡೆ ಉಳಿದಿದ್ದರೆ, ಅಥವಾ ಮೂಳೆ ಸುತ್ತಲೂ ಸಮನಾಗಿ ತಗ್ಗಿದ್ದರೆ, ಎಷ್ಟೇ ದುಬಾರಿ ವಸ್ತು ತುಂಬಿದರೂ ಹೆಚ್ಚು ನಿರೀಕ್ಷಿಸಲಾಗದು.

ಉತ್ತರ 2 (ಜೈವಿಕ ವಸ್ತುಗಳ ಸಂಶೋಧಕ, ಬೆಂಗಳೂರು)

ಮೇಡಂ ಹೇಳಿದ್ದಕ್ಕೆ ಮೂಲಗಳ ವಿವರವನ್ನು ಸೇರಿಸುತ್ತೇನೆ. ಗ್ರಾಫ್ಟ್ ರೋಗಿಯದೇ ಮೂಳೆಯಾಗಿರಬಹುದು, ದಾನಿಯ ಮೂಳೆಯಾಗಿರಬಹುದು, ಪ್ರಾಣಿಯದ್ದಾಗಿರಬಹುದು, ಇಲ್ಲವೇ ಪೂರ್ತಿ ಕೃತಕವಾಗಿರಬಹುದು. ಕೃತಕವಾದವುಗಳಲ್ಲಿ ಹೈಡ್ರಾಕ್ಸಿಅಪಟೈಟ್, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ (ಎರಡೂ ಕ್ಯಾಲ್ಸಿಯಂ ಮತ್ತು ರಂಜಕದ ಖನಿಜಗಳು) ಮತ್ತು ಮೂಳೆಗೆ ಬೆಸೆಯಬಲ್ಲ ಬಯೋಆಕ್ಟಿವ್ ಗಾಜು ಮುಖ್ಯ. ಈ ಗಾಜನ್ನು ಅಮೆರಿಕದ ಫ್ಲಾರಿಡಾದಲ್ಲಿ ಲ್ಯಾರಿ ಹೆಂಚ್ 1969ರಲ್ಲಿ ರೂಪಿಸಿದರು. 45ಎಸ್5 ಎಂಬ ಆ ಗಾಜಿನ ತೂಕದಲ್ಲಿ ಶೇ. 45 ಭಾಗ ಸಿಲಿಕಾ ಇದ್ದು, ಉಳಿದದ್ದು ಸೋಡಿಯಂ, ಕ್ಯಾಲ್ಸಿಯಂ ಮತ್ತು ರಂಜಕದ ಆಕ್ಸೈಡುಗಳು. ದೇಹದ್ರವ ತಗುಲಿದೊಡನೆ ಸೋಡಿಯಂ ಹೊರಬಂದು ಗಾಜಿನ ಮೈಮೇಲೆ ಸಿಲಿಕಾ ಜೆಲ್ ಏರ್ಪಡುತ್ತದೆ. ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕೂಡಿಕೊಂಡು, ಕೊನೆಗೆ ಮೂಳೆಯ ಖನಿಜವನ್ನೇ ಹೋಲುವ ಪದರವಾಗುತ್ತದೆ. ಮೂಳೆ ಅದಕ್ಕೆ ನೇರವಾಗಿ ಬೆಸೆದುಕೊಳ್ಳುತ್ತದೆ. ನಮ್ಮಲ್ಲಿಯೇ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹೈಡ್ರಾಕ್ಸಿಅಪಟೈಟ್ ಮತ್ತು ಬಯೋಆಕ್ಟಿವ್ ಗಾಜನ್ನು ಕೂಡಿಸಿದ ಗ್ರಾಫ್ಟ್ ವಸ್ತುವನ್ನು ಅಭಿವೃದ್ಧಿಪಡಿಸಿದೆ.

ಪದರಕ್ಕೂ ಬದಲಿ ಇದೆ: ಪಾಲಿಲ್ಯಾಕ್ಟಿಕ್ ಆಮ್ಲದಂಥ ಕರಗುವ ಪಾಲಿಮರ್‌ಗಳಿಂದ ಮಾಡಿದ ಹಾಳೆಗಳು ಪೂರ್ತಿ ಕೃತಕ. ಹೆರಿಗೆಯ ನಂತರ ತಾಯಂದಿರು ದಾನವಾಗಿ ಕೊಟ್ಟ, ಗರ್ಭದಲ್ಲಿ ಮಗುವನ್ನು ಸುತ್ತಿರುವ ತೆಳುಪದರವನ್ನು (ಆಮ್ನಿಯಾನ್) ಸಂಸ್ಕರಿಸಿ ಬಳಸುವುದೂ ಉಂಟು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ ಅದನ್ನು ಗಾಮಾ ಕಿರಣಗಳಿಂದ ಶುದ್ಧೀಕರಿಸಿ ಒದಗಿಸುತ್ತದೆ. ಅದು ಮನುಷ್ಯಮೂಲದ್ದು ಎಂಬುದನ್ನು ತಾಯಿಯವರಿಗೆ ಮುಂಚೆಯೇ ತಿಳಿಸಿ. ಹೊಸ ನಾರುಗಳು ಹುಟ್ಟಲೆಂದು ಬೇರಿಗೆ ಹಚ್ಚುವ ಎನಾಮೆಲ್ ಪ್ರೋಟೀನಿನ ಜೆಲ್ ಹಂದಿಮರಿಯ ಬೆಳೆಯುತ್ತಿರುವ ಹಲ್ಲುಗಳಿಂದ ಬರುತ್ತದೆ. ಹೊಲಿಗೆಯ ದಾರವನ್ನು ಕೇಳಲು ಬಹಳ ಜನ ಮರೆಯುತ್ತಾರೆ: ಕ್ಯಾಟ್‌ಗಟ್ ಕುರಿ ಅಥವಾ ದನದ ಕರುಳಿನದು, ರೇಷ್ಮೆ ದಾರವೂ ಹುಳುವಿನದೇ, ಕೃತಕವಾದ ಪಾಲಿಗ್ಲಾಕ್ಟಿನ್ ಅಥವಾ ನೈಲಾನ್ ದಾರ ಕೇಳಬಹುದು.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಕೃತಕ ಪುಡಿಗಳು ಗುಳಿಯನ್ನು ತುಂಬಿ ವಸಡು ಮತ್ತು ಹಲ್ಲಿನ ನಡುವಿನ ಸಂದಿನ ಆಳವನ್ನು ಕಡಿಮೆ ಮಾಡುತ್ತವಾದರೂ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳ ಕಣಗಳ ಸುತ್ತ ಹಲವು ವೇಳೆ ಬರಿಯ ನಾರಿನ ಅಂಗಾಂಶ ಮಾತ್ರ ಕಂಡುಬಂದಿದೆ. ಹೊಸ ಸಿಮೆಂಟಮ್ ಮತ್ತು ನಾರುಗಳು ಹುಟ್ಟಿದ್ದಕ್ಕೆ ದಾನಿಯ ಮೂಳೆ ಹಾಗೂ ಎನಾಮೆಲ್ ಪ್ರೋಟೀನಿನ ಪರವಾಗಿರುವ ಪುರಾವೆ ಹೆಚ್ಚು ಗಟ್ಟಿ. ಆದರೂ ಗುಳಿಯ ಆಕಾರ ಅನುಕೂಲವಾಗಿದ್ದರೆ, ತಮ್ಮ ತಾಯಿಯವರ ವಿಷಯದಲ್ಲಿ ನಾನು ಕೃತಕ ವಸ್ತುವನ್ನೇ ಆರಿಸುತ್ತಿದ್ದೆ. ಮನಸ್ಸೊಪ್ಪದ ವಸ್ತುವನ್ನು ಬಾಯಲ್ಲಿಟ್ಟುಕೊಂಡು ಅವರು ದಿನ ಕಳೆಯುವಂತಾಗಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ರೋಗಿಯದೇ ರಕ್ತದಿಂದ ಮಾಡುವ ಪ್ಲೇಟ್‌ಲೆಟ್ ರಿಚ್ ಫೈಬ್ರಿನ್, ಅಂದರೆ ಪಿಆರ್‌ಎಫ್ ಇದೆಯೆಂದು ಕೇಳಿದ್ದೇನೆ. ಅದೊಂದೇ ಸಾಕಾಗಬಹುದೇ? ತಾಯಿಯವರಿಗೆ ಸಕ್ಕರೆ ಕಾಯಿಲೆಯೂ ಇದೆ.

ಉತ್ತರ 3 (ವಸಡು ತಜ್ಞೆ, ಮೈಸೂರು)

ಪಿಆರ್‌ಎಫ್ ವಿಧಾನವನ್ನು ಫ್ರಾನ್ಸಿನ ಷುಕ್ರೂನ್ ಮತ್ತು ಸಂಗಡಿಗರು 2001ರಲ್ಲಿ ಪರಿಚಯಿಸಿದರು. ರಕ್ತಕ್ಕೆ ಹೆಪ್ಪುರೋಧಕ ಯಾವುದನ್ನೂ ಸೇರಿಸದೆ, ತೆಗೆದ ಕೂಡಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ನಡುವೆ ಫೈಬ್ರಿನ್ ಎಂಬ ನಾರುಪ್ರೋಟೀನಿನ ಹೆಪ್ಪು ನಿಲ್ಲುತ್ತದೆ. ಅದನ್ನು ಮೆಲ್ಲಗೆ ಒತ್ತಿ ಹಾಳೆಯಾಗಿಸುತ್ತೇವೆ. ಅದರಲ್ಲಿ ಸಿಕ್ಕಿಕೊಂಡ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೋಟೀನುಗಳನ್ನು ಕೆಲವು ದಿನಗಳ ಕಾಲ ಬಿಡುಗಡೆ ಮಾಡುತ್ತವೆ. ಗುಳಿಯನ್ನು ಸ್ವಚ್ಛಗೊಳಿಸಿ ಸುಮ್ಮನೆ ಮುಚ್ಚುವುದಕ್ಕಿಂತ ಪಿಆರ್‌ಎಫ್ ಇಟ್ಟು ಮುಚ್ಚಿದಾಗ ಹೆಚ್ಚು ಮೂಳೆ ತುಂಬಿದೆಯೆಂದು ಅಧ್ಯಯನಗಳು ಹೇಳುತ್ತವೆ. ಆದರೆ ಅದು ಬೇಗ ಕರಗುವುದರಿಂದ ಹಲವು ವಾರಗಳ ಕಾವಲಿಗೆ ಒದಗುವುದಿಲ್ಲ. ಮೂರು ಗೋಡೆಗಳ ಕಿರಿದಾದ ಗುಳಿಗೆ ಅದೊಂದೇ ಸಾಕಾಗಬಹುದು. ಅಗಲವಾಗಿದ್ದರೆ ಕೃತಕ ಪುಡಿಯೊಂದಿಗೆ ಬೆರೆಸಿ ಬಳಸುವುದು ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚಿತವಾಗಿ ವೈದ್ಯರಿಗೆ ಹೇಳಬೇಕು.

ಸಕ್ಕರೆಯ ವಿಷಯ ಈ ಎಲ್ಲ ವಸ್ತುಗಳ ಆಯ್ಕೆಗಿಂತ ದೊಡ್ಡದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ; ಅದು ಹತೋಟಿಗೆ ಬರುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೂ ನಷ್ಟವಿಲ್ಲ, ಅಷ್ಟರಲ್ಲಿ ವಸಡಿನ ಶುಚಿತ್ವ ಮಾತ್ರ ತಪ್ಪಬಾರದು. ಎಲೆಅಡಿಕೆಗೆ ತಂಬಾಕು ಸೇರಿಸುವ ಅಭ್ಯಾಸವಿದ್ದರೆ ಬಿಡಲೇಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳುವವರೆಗೆ ಆ ಜಾಗವನ್ನು ಬ್ರಷ್‌ನಿಂದ ಉಜ್ಜದೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಬೇಕು. ಆರು ತಿಂಗಳವರೆಗೆ ಅಲ್ಲಿ ಸಲಾಕೆ ಇಳಿಸಿ ಆಳ ಅಳೆಯುವುದು ಬೇಡ. ಆಮೇಲೆ ತೆಗೆಯುವ ಎಕ್ಸ್‌ರೇಯಲ್ಲಿ ಗುಳಿ ಬೆಳ್ಳಗೆ ಕಂಡರೆ ಅಷ್ಟಕ್ಕೇ ಮೂಳೆ ಬೆಳೆದಿದೆಯೆಂದು ತೀರ್ಮಾನಿಸಬೇಡಿ. ಹೈಡ್ರಾಕ್ಸಿಅಪಟೈಟ್ ಪುಡಿಯೂ ಎಕ್ಸ್‌ರೇಯಲ್ಲಿ ಬೆಳ್ಳಗೇ ಕಾಣುತ್ತದೆ. ಆಳದ ಹೊಸ ಅಳತೆಯನ್ನು ಹಳೆಯದರೊಂದಿಗೆ ಹೋಲಿಸಿ, ಒತ್ತಿದಾಗ ರಕ್ತ ಒಸರುತ್ತದೆಯೇ ಎಂಬುದನ್ನೂ ನೋಡಲು ವೈದ್ಯರನ್ನು ಕೇಳಿಕೊಳ್ಳಿ.