ಕಾವಿ ಗೋಡೆಯ ಮನೆ: ಓದುಗರ ಸ್ಪಂದನ

ಕುಮಟಾದ ತವರುಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಅಣ್ಣಂದಿರು ಹೊರಟಿದ್ದಾರೆ; ಜಗುಲಿಯ ಗೋಡೆಯಲ್ಲಿ ಅಜ್ಜನ ಕಾಲದ ಕಾವಿ ಚಿತ್ರಗಳಿವೆ, ಮನೆ ಉಳಿಸುವುದು ಹೇಗೆ ಎಂದು ಬೆಂಗಳೂರಿನ ಸಹೋದರಿಯೊಬ್ಬರು ಕೇಳಿದ್ದರು. ಮೊದಲು ಶಿರಸಿಯ ಪತ್ರ.

ತಂಗೀ, ನಿನ್ನ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮದೂ ಅಡಕೆ ತೋಟದ ತಲೆಯ ಮೇಲಿನ ಹಂಚಿನ ಮನೆ. ಅಪ್ಪ ತೀರಿದ ಎರಡನೇ ವರ್ಷ ಕೆಡವಿದರು. ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ತಮ್ಮಂದಿರ ಮನಸ್ಸು ಮುರಿಯಬಾರದು ಅಂತ ಹಾಕಿದೆ. ಹಳೇ ಮರ ಕೊಳ್ಳುವವನು ಹಲಸಿನ ಕಂಬಗಳನ್ನು ಲಾರಿಗೆ ಹೇರುವ ದಿನ ನಾನು ಅಲ್ಲೇ ಇದ್ದೆ. ಆಯಿ ಮಜ್ಜಿಗೆ ಕಡೆಯುತ್ತಿದ್ದ ಕಂಬದಲ್ಲಿ ಹಗ್ಗ ತಿಕ್ಕಿ ತಿಕ್ಕಿ ಸವೆದ ಗೆರೆ ಇತ್ತು. ಅದೊಂದನ್ನು ಬಿಟ್ಟುಹೋಗು ಎನ್ನಲು ಬಾಯಿ ಬರಲಿಲ್ಲ. ಈಗ ಅಲ್ಲಿ ಸ್ಲ್ಯಾಬಿನ ಮನೆ. ಹೋದಾಗಲೆಲ್ಲ ಆ ಕಂಬವಿದ್ದ ಜಾಗ ಯಾವುದು ಅಂತ ಕಣ್ಣು ಹುಡುಕುತ್ತದೆ. ಅವಸರದಲ್ಲಿ ಸಹಿ ಹಾಕಬೇಡ.

ಕಾರವಾರದ ಹಿರಿಯರೊಬ್ಬರದು ಎರಡೇ ಸಾಲು.

ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವವರು, ಒರಲೆ ಕೆರೆಯುವವರು ನಿಮ್ಮ ಅಣ್ಣಂದಿರು. ಆ ಖರ್ಚಿಗೆ ಇಷ್ಟು ವರ್ಷ ನೀವೆಷ್ಟು ಕೊಟ್ಟಿರಿ?

ಮಾತು ಕಟುವಾದರೂ ತಳ್ಳಿಹಾಕುವಂಥದಲ್ಲ. ಅಂಕೋಲೆಯ ವಕೀಲರು ಬರೆಯುತ್ತಾರೆ:

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾಗಿದ್ದರೂ ಸರಿ. ಪಾಲು ಹಣವಾಗಿಯೋ ಫ್ಲ್ಯಾಟ್ ಆಗಿಯೋ ಎಂಬುದನ್ನು ಮೊದಲೇ ಕರಾರಿನಲ್ಲಿ ಬರೆಸಿಕೊಳ್ಳಿ.

ಸಹೋದರಿ ಕೇಳಿದ್ದು ಪಾಲನ್ನಲ್ಲ. ಹೊನ್ನಾವರದ ಚಿತ್ರಕಲಾ ಶಿಕ್ಷಕಿಯ ಪತ್ರವನ್ನು ಅಣ್ಣಂದಿರೂ ಓದಲಿ ಎಂಬುದು ನಮ್ಮ ಆಸೆ.

ಕಾವಿ ಎಂದರೆ ಗೋಡೆಗೆ ಬಳಿದ ಬಣ್ಣವಲ್ಲ. ಚಿಪ್ಪಿನ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿಯಿರುವಾಗಲೇ ಲೋಹದ ಕಂಟದಿಂದ ಕೆರೆಯುತ್ತಾರೆ. ಒಳಗಿನ ಬಿಳಿ ಚಿತ್ರವಾಗಿ ಏಳುತ್ತದೆ. ಚಿತ್ರವೂ ಗೋಡೆಯೂ ಒಂದೇ. ಪಟದ ಹಾಗೆ ಕಳಚಿ ಹೊಸ ಮನೆಯಲ್ಲಿ ತೂಗಲಾಗದು. ಕರಾವಳಿಯ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಕಾವಿ ಗೋಡೆಗಳು ಹೋದವು. ಮನೆಗಳಲ್ಲಿ ಉಳಿದದ್ದು ಇನ್ನೂ ಕಡಿಮೆ. ಗೋಡೆಗೆ ಸಿಮೆಂಟ್ ಮೆತ್ತಬೇಡಿ, ಡಿಸ್ಟೆಂಪರ್ ಬಳಿಯಬೇಡಿ. ಮಾಡು ಸೋರದಿದ್ದರೆ ಅರ್ಧ ಕೆಲಸ ಆದಂತೆ. ಈ ವರ್ಷದ ಹಂಚಿನ ಖರ್ಚನ್ನು ನೀವೇ ಕೊಡಿ. ಪ್ರತಿ ಚಿತ್ರದ ಫೋಟೊ, ಅಳತೆ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ. ಹಿತ್ತಲಲ್ಲಿ ಜಾಗವಿದ್ದರೆ ಅಣ್ಣಂದಿರು ಅಲ್ಲಿ ಕಟ್ಟಿಕೊಳ್ಳಲಿ, ಜಗುಲಿಯ ಭಾಗವೊಂದು ಉಳಿಯಲಿ. ಕರೆದರೆ ನನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದು ಚಿತ್ರಗಳ ನಕಲು ತೆಗೆದುಕೊಡುತ್ತೇನೆ.

ಶಿಕ್ಷಕಿಯ ವಿಳಾಸವನ್ನು ಸಹೋದರಿಗೆ ತಲುಪಿಸಿದ್ದೇವೆ. ಅಣ್ಣಂದಿರು ಬರೆದರೆ ಅದಕ್ಕೂ ಇಲ್ಲಿ ಜಾಗವಿದೆ.