ಆರು ವಾರಕ್ಕೆ ಎಲ್‌ಕೆಜಿ ಬದಲಿ ಟೀಚರ್: ಮಕ್ಕಳು ಬೇಗ ಹೊಂದಿಕೊಳ್ಳಲು ಏನು ಮಾಡಬೇಕು?

ಮಲ್ಲಿಗೆ ದಂಡೆ (ಉಡುಪಿ):
ಆಗಸ್ಟ್ ಮೊದಲ ಸೋಮವಾರದಿಂದ ಮಲ್ಪೆ ಹತ್ತಿರದ ಒಂದು ಶಾಲೆಗೆ ಬದಲಿ ಟೀಚರ್ ಆಗಿ ಹೋಗಲಿಕ್ಕುಂಟು. 24 ಮಕ್ಕಳು, ಒಬ್ಬರು ಆಯಮ್ಮ. ಇಬ್ಬರು ಈಗಲೂ ಗೇಟಿನಲ್ಲಿ ಅಳುತ್ತಾರಂತೆ. ಒಬ್ಬಳು ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಮೊದಲ ವಾರ ಹೇಗೆ ಶುರು ಮಾಡಲಿ? ಚಾಕಲೇಟು, ಕೈಗೊಂಬೆ ತೆಗೆದುಕೊಂಡು ಹೋಗಲಾ?

ಕಡಲ ಕರೆ:
ಚಾಕಲೇಟು ಬೇಡ. ಯಾವ ಮಗುವಿಗೆ ಏನು ಆಗುವುದಿಲ್ಲ ಎಂದು ನಿಮಗಿನ್ನೂ ಗೊತ್ತಿರುವುದಿಲ್ಲ. ಮರುದಿನ ನೀವು ಒಳಗೆ ಬರುವಾಗ ಎಲ್ಲರ ಕಣ್ಣು ನಿಮ್ಮ ಚೀಲದ ಮೇಲೇ ಇರುತ್ತದೆ.

ಸಾಧ್ಯವಾದರೆ ಈಗಿನ ಟೀಚರ್ ರಜೆ ಹಾಕುವ ಮುಂಚೆ ಒಂದು ದಿನ ತರಗತಿಯಲ್ಲಿ ಕೂತು ನೋಡಿ. ಮಕ್ಕಳಿಗೆ ನಿಮ್ಮ ಪರಿಚಯವನ್ನು ಅವರೇ ಮಾಡಿಸಲಿ. ಹಾಜರಿ ಪುಸ್ತಕದ ಹೆಸರಿನ ಜೊತೆಗೆ ಮನೆಯಲ್ಲಿ ಕರೆಯುವ ಹೆಸರು, ಯಾರಿಗೆ ಯಾವ ತಿಂಡಿ ಆಗದು, ಒಂದಕ್ಕೆ ಹೋಗಬೇಕಾದಾಗ ಯಾವ ಮಗು ಏನು ಹೇಳುತ್ತದೆ, ಇಷ್ಟನ್ನು ಬರೆದುಕೊಳ್ಳಿ. ಹಾಡುಗಳ ಧಾಟಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಧಾಟಿ ತಪ್ಪಿದರೆ ಮಕ್ಕಳು ಹಾಡುವುದನ್ನೇ ನಿಲ್ಲಿಸಿಬಿಡುತ್ತಾರೆ.

ದಿನದ ಕ್ರಮವನ್ನು ಮಾತ್ರ ಮುಟ್ಟಬೇಡಿ. ನಾಲ್ಕು ವರ್ಷದ ಮಗುವಿಗೆ ಗಡಿಯಾರ ಓದಲು ಬರುವುದಿಲ್ಲ. ತಿಂಡಿ ಆಯ್ತು, ಆಟ ಆಯ್ತು, ಹಾಡು ಆಯ್ತು, ಇನ್ನು ಅಮ್ಮ ಬರ್ತಾಳೆ ಎಂದು ಅದು ಹೊತ್ತನ್ನು ಲೆಕ್ಕ ಹಾಕುತ್ತದೆ. ನೀವು ಉತ್ಸಾಹದಲ್ಲಿ ಹಾಡನ್ನು ಬೆಳಿಗ್ಗೆಯೇ ಮುಗಿಸಿದಿರಿ ಎನ್ನಿ, ಹತ್ತೂವರೆಗೇ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಲ್ಲುತ್ತಾರೆ. ಅಮ್ಮ ಕಾಣದಿದ್ದರೆ ಅಳು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ.

'ನಮ್ಮ ಟೀಚರ್ ಹೀಗೆ ಮಾಡುದಿಲ್ಲ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 'ಹೌದಾ? ಅವರು ಹೇಗೆ ಮಾಡ್ತಾರೆ, ತೋರಿಸು' ಎಂದು ಕೇಳಿ, ಆ ಮಗು ತೋರಿಸಿದ ಹಾಗೆಯೇ ಮಾಡಿ.

ಇನ್ನೊಂದು, ಹೊಸಬರಲ್ಲಿ ಕೇಳಲು ನಾಚಿ ಮಕ್ಕಳು ಮೂತ್ರ ತಡೆದುಕೊಳ್ಳುತ್ತಾರೆ. ಬಂದ ಕೂಡಲೇ, ತಿಂಡಿಗೆ ಮುಂಚೆ, ಬಿಡುವ ಅರ್ಧ ಗಂಟೆ ಮುಂಚೆ ನೀವಾಗಿಯೇ ಕಳುಹಿಸಿ. ಚಡ್ಡಿ ಒದ್ದೆಯಾದರೆ ಎಲ್ಲರೆದುರು ಮಾತೆತ್ತದೆ ಆಯಮ್ಮನ ಜೊತೆ ಕಳುಹಿಸಿ ಬದಲಿಸಿ.

ಗಾಳಿಮರ:
ಆಗಸ್ಟ್ ಎಂದಿರಿ, ಮಲ್ಪೆ ಎಂದಿರಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಬೋಟಿಗೆ ಹೋಗುವವರ ಮನೆಯಲ್ಲಿ ಅಷ್ಟು ದಿನ ಜೊತೆಗಿದ್ದ ಅಪ್ಪ ನೀವು ಸೇರುವ ಹೊತ್ತಿಗೇ ಕಡಲಿಗೆ ಹೋಗಿರಬಹುದು. ಅತ್ತ ಅಪ್ಪ ಕಾಣುವುದಿಲ್ಲ, ಇತ್ತ ಟೀಚರೂ ಇಲ್ಲ. ದಯವಿಟ್ಟು ಆ ಅಳುವನ್ನು ಹಠ ಎನ್ನಬೇಡಿ.

ಗೇಟಿನಲ್ಲಿ ಮಗುವನ್ನು ತಾಯಿಯ ಕೈಯಿಂದ ಎಳೆದುಕೊಳ್ಳಬೇಡಿ. ಕುಕ್ಕರುಗಾಲಲ್ಲಿ ಕೂತುಕೊಳ್ಳಿ, ಮುಖಕ್ಕೆ ಮುಖ ಕೊಟ್ಟಲ್ಲ, ಸ್ವಲ್ಪ ಓರೆಯಾಗಿ. ಹೆಸರು ಕೇಳುವುದೂ ಬೇಡ. ರೇನ್‌ಕೋಟಿನ ಗುಂಡಿ ತೋರಿಸಿ, 'ಮೇಲಿನದ್ದು ನೀನು ಬಿಚ್ಚು, ಕೆಳಗಿನದ್ದು ನಾನು' ಎನ್ನಿ. ಒದ್ದೆ ಗುಂಡಿ ಸಣ್ಣ ಬೆರಳಿಗೆ ಬೇಗ ಸಿಗುವುದಿಲ್ಲ. ಅದರ ಮೇಲೇ ಕಣ್ಣು ನೆಟ್ಟು ಬಿಚ್ಚುವಷ್ಟರಲ್ಲಿ ಬಿಕ್ಕಳಿಕೆ ನಿಧಾನವಾಗುತ್ತದೆ. ಆಮೇಲೆ ಕೋಟನ್ನು ಒಳಗಿನ ಕೊಕ್ಕೆಗೆ ಹಾಕುವ ಕೆಲಸ ಅದಕ್ಕೇ ಕೊಡಿ. ತಾಯಿ ಕಣ್ಣು ತಪ್ಪಿಸಿ ಹೋಗಬಾರದು. ಹಾಗೆ ಹೋದರೆ ನಾಳೆ ಸೆರಗು ಬಿಡುವುದೇ ಇಲ್ಲ. ಒಮ್ಮೆ ಟಾಟಾ ಹೇಳಿ ಹೊರಡಲಿ, ತಿರುಗಿ ಬರುವುದು ಬೇಡ.

ಕೈಗೊಂಬೆ ಎರಡನೇ ವಾರಕ್ಕಿರಲಿ. ಹುಲಿವೇಷ ಕಂಡರೆ ಅಜ್ಜಿಯ ಹಿಂದೆ ಅಡಗುವ ಮಕ್ಕಳಿದ್ದಾರಲ್ಲ, ಅವರಿಗೆ ಹೊಸ ಮುಖದ ಜೊತೆ ಮಾತಾಡುವ ಗೊಂಬೆಯೂ ಸೇರಿದರೆ ಹೆದರಿಕೆ ಹೆಚ್ಚುತ್ತದೆ. ಹುಲಿವೇಷಕ್ಕೆ ಬಾರಿಸುವ ತಾಸೆಯ ಪೆಟ್ಟು ಮಾತ್ರ ಬಳಸಿ. ಗಲಾಟೆಯಾದಾಗ ಕೂಗಬೇಡಿ, ಚಪ್ಪಾಳೆಯಲ್ಲಿ ಆ ಪೆಟ್ಟು ಹಾಕಿ. ಈ ಊರಿನ ಮಕ್ಕಳ ಕೈ ತಾನಾಗಿ ಸೇರಿಕೊಳ್ಳುತ್ತದೆ. ಮೆಲ್ಲಗೆ ಸದ್ದು ಇಳಿಸುತ್ತಾ ನಿಲ್ಲಿಸಿದರೆ ತರಗತಿಯೂ ತಣ್ಣಗಾಗುತ್ತದೆ.

ಬಿಂಬುಳಿ:
ಮಾತಾಡದ ಹುಡುಗಿಯ ಬಗ್ಗೆ. ಮೊದಲು ಮನೆಮಾತು ಯಾವುದೆಂದು ತಿಳಿದುಕೊಳ್ಳಿ. ತುಳುವಾದರೆ 'ನೀರ್ ಬೋಡಾ?', ಕೊಂಕಣಿಯಾದರೆ 'ಉದಾಕ್ ಜಾಯ್?', ಹೀಗೆ ನಾಲ್ಕು ಮಾತು ಕಲಿತಿಟ್ಟುಕೊಂಡರೆ ಸಾಕು. ಮನೆಯಲ್ಲಿ ಮಾತಾಡುತ್ತಾಳೋ ಎಂದು ಹೆತ್ತವರಲ್ಲಿ ಕೇಳಿ, ಖಾಯಂ ಟೀಚರಿಗೂ ತಿಳಿಸಿ. 'ಎಲ್ಲರಿಗೂ ಕೇಳುವ ಹಾಗೆ ಹೇಳು' ಎಂದು ಎಬ್ಬಿಸಿ ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತು ನೀವೂ ಮಣ್ಣಿನಲ್ಲಿ ಬಂಗುಡೆ ಮೀನು ಮಾಡಿ, 'ಇದಕ್ಕೆ ಬಾಲ ಇಡ್ತೇನೆ' ಎಂದು ನಿಮ್ಮಷ್ಟಕ್ಕೆ ಹೇಳುತ್ತಿರಿ. ಪ್ರಶ್ನೆ ಬೇಡ. ಕೆಂಪೋ ಹಸಿರೋ ಎಂದು ಎರಡು ಮಣ್ಣಿನುಂಡೆ ಹಿಡಿದರೆ ಬೆರಳು ತೋರಿಸಿದರೂ ಅದು ಉತ್ತರವೇ.

ಮನೆಗೆ ಬಿಡುವಾಗ ಮಾತ್ರ ಯಾರ ಮುಖವನ್ನೂ ನಂಬಬೇಡಿ. ಮಗು 'ಮಾವ' ಎಂದು ಓಡಿದರೂ ಕರೆದೊಯ್ಯುವವರ ಪಟ್ಟಿ ನೋಡಿ, ಆಯಮ್ಮ ಗುರುತಿಸಿದ ಮೇಲೆಯೇ ಕಳುಹಿಸಿ.

ಮಲ್ಲಿಗೆ ದಂಡೆ:
ತುಂಬಾ ಉಪಕಾರ. ಹೊಂದಿಕೊಂಡ ಮೇಲೆ ನಾನು ಹೋಗುವುದನ್ನು ಯಾವಾಗ ಹೇಳಲಿ?

ಕಡಲ ಕರೆ:
'ನಿಮ್ಮ ಟೀಚರ್ ಬರುವವರೆಗೆ ನಾನಿರ್ತೇನೆ' ಎಂದು ಮೊದಲ ದಿನವೇ ಹೇಳಿ. ಅವರ ಫೋಟೋ ಗೋಡೆಯಲ್ಲಿರಲಿ. ಕೊನೆಯ ವಾರ ಆರು ಬಳೆಗಳ ಕಾಗದದ ಸರಪಳಿ ಕಟ್ಟಿ, ದಿನಕ್ಕೊಂದನ್ನು ಮಕ್ಕಳೇ ಹರಿಯಲಿ. ಶನಿವಾರ ಆ ಟೀಚರ್ ಹತ್ತು ನಿಮಿಷ ಬಂದು ಹೋಗುವುದಾದರೆ ಕೊನೆಯ ಬಳೆಯನ್ನು ಅವರ ಕೈಯಿಂದಲೇ ಹರಿಸಿ.